ಉದ್ದ ಪದ, ಗಿಡ್ಡ ಪ್ರಾಸ

ಹಾಡು ಕಟ್ಟುವವರಿಗೆ ಚಿಕ್ಕ ಮಾತುಗಳಿಂದ ತೊಂದರೆಯಿಲ್ಲ. ‘ಮಳೆ’ ಎಂದೊಡನೆ ಹೊಳೆ, ಇಳೆ, ಬೆಳೆಗಳು ಕರೆಯದೆಯೇ ಬಂದು ನಿಲ್ಲುತ್ತವೆ. ಉದ್ದನೆಯ ಸಂಸ್ಕೃತ ಪದವೊಂದು ಪಂಕ್ತಿಯ ಕೊನೆಯಲ್ಲಿ ಕಾಲು ಚಾಚಿ ಕುಳಿತಾಗಲೇ ಪ್ರಾಸವು ಪ್ರಯಾಸವಾಗುವುದು.

ನಿವೃತ್ತರಾಗಲಿದ್ದ ಮುಖ್ಯೋಪಾಧ್ಯಾಯಿನಿಯೊಬ್ಬರ ಬೀಳ್ಕೊಡುಗೆಗೆಂದು ಬರೆದ ಹಾಡೊಂದನ್ನು ಈಚೆಗೆ ಕಂಡೆ. ಮೊದಲ ಸಾಲು ಆಕೆಯ ಪದವಿಯ ಹೆಸರಿನಿಂದಲೇ ಮುಗಿದಿತ್ತು. ಜೋಡಿ ಹುಡುಕಲು ಹೊರಟ ಕವಿಗಳು ‘ವರದಾಯಿನಿ’, ‘ಸುಖದಾಯಿನಿ’ಗಳನ್ನು ಹಿಡಿದು ತಂದಿದ್ದರು. ಮೂವತ್ತು ವರ್ಷ ಸೀಮೆಸುಣ್ಣದ ಧೂಳು ಕುಡಿದ ತಾಯಿ ನಾಲ್ಕೇ ಸಾಲುಗಳಲ್ಲಿ ಗುಡಿಯ ದೇವಿಯಾಗಿಬಿಟ್ಟರು! ಮಕ್ಕಳು ಬಲ್ಲ ಆಕೆ ಮಾತ್ರ ಹಾಡಿನಲ್ಲಿ ಎಲ್ಲಿಯೂ ಇರಲಿಲ್ಲ.

ಪದದ ಬಾಲವನ್ನೇ ಏಕೆ ಹಿಡಿಯಬೇಕು? ನಮ್ಮ ಪೂರ್ವಕವಿಗಳು ತಲೆಯ ಬಳಿ ಹಿಡಿಯುತ್ತಿದ್ದರು. ಸಾಲಿನ ಎರಡನೆಯ ಅಕ್ಷರದ ವ್ಯಂಜನ ಒಂದೇ ಆಗಿದ್ದರೆ ಸಾಕು, ಸ್ವರ ಬೇರೆಯಾಗಬಹುದು, ಅದೇ ಆದಿಪ್ರಾಸ. ಹಿಂದಿನ ಅಕ್ಷರದ ಸ್ವಭಾವವನ್ನು ನೋಡಿ ಅದರಲ್ಲಿ ಸಿಂಹ, ಗಜ, ವೃಷಭ, ಅಜ, ಶರಭ, ಹಯ ಎಂದು ಆರು ಬಗೆ. 10ನೆಯ ಶತಮಾನದ ನಾಗವರ್ಮನ ‘ಛಂದೋಂಬುಧಿ’ಯನ್ನು ತೆರೆದರೆ ಈ ಮೃಗಾಲಯವೇ ಎದುರಾಗುತ್ತದೆ. ‘ಉಪಾಧ್ಯಾಯಿನಿ’ಯನ್ನು ಸಾಲಿನ ಮೊದಲಿಗಿಟ್ಟು ನೋಡಿರಿ: ಅಪಾರ, ತಪಸ್ಸು, ಕೃಪೆ, ನೆಪ, ಎಲ್ಲವೂ ಅದಕ್ಕೆ ನೆಂಟರೇ. ‘ದೀಪ’ ಸಲ್ಲದು, ಅದರ ಮೊದಲಕ್ಷರ ದೀರ್ಘ, ಅದು ಗಜದ ಮನೆ. 1911ರಲ್ಲಿ ಮಂಜೇಶ್ವರದ ಗೋವಿಂದ ಪೈಗಳು ಈ ಕಟ್ಟನ್ನು ಬಿಡಿಸಿಕೊಂಡರು. ಕಡ್ಡಾಯವೆಂಬುದು ಹೋಗಿದ್ದು ಒಳಿತೇ. ಹಾಗೆಂದು ಉಪಯೋಗವೂ ಹೋಗಬೇಕಿಲ್ಲ.

ಅಂತ್ಯಪ್ರಾಸವೇ ಬೇಕೆನ್ನುವವರು ಮೊದಲು ಮಾತ್ರೆ ಎಣಿಸಲಿ. ‘ಮುಖ್ಯೋಪಾಧ್ಯಾಯಿನಿ’ಗೆ ಹತ್ತು ಮಾತ್ರೆ, ನಾಲ್ಕರ ನಡೆಗೆ ಎರಡು ಕಡಿಮೆ. ‘ನೀ’ ಸೇರಿಸಿದರೆ ಲೆಕ್ಕ ಸರಿಹೋದೀತು. ಆದರೆ ದೇವರನ್ನು ನೀನೆನ್ನಬಹುದು, ಮುಖ್ಯೋಪಾಧ್ಯಾಯಿನಿಯನ್ನು ಹಾಗೆನ್ನುವ ಎದೆಗಾರಿಕೆ ಯಾವ ಮಗುವಿಗಿದೆ? ಗೌರವದ ಬಹುವಚನವೇ ದಾರಿ: ‘ಮುಖ್ಯೋಪಾಧ್ಯಾಯಿನಿಯರು’. ಹನ್ನೆರಡು ಮಾತ್ರೆ ತುಂಬಿತು, ಅಚ್ಚಗನ್ನಡದ ಬಾಗಿಲೂ ತೆರೆಯಿತು: ಹಿರಿಯರು, ಅರಿಯರು, ಮುನಿಯರು. (‘ಇನಿಯರು’ ಇನ್ನೂ ಹತ್ತಿರದ ಪ್ರಾಸ, ಶಾಲೆಯ ಅಂಗಳದಲ್ಲಿ ಬೇಡ.)

‘ತಪ್ಪಿಗೆ ಎಂದೂ ಮುನಿಯರು’ ಎಂದರೆ ಛಂದಸ್ಸು ಒಪ್ಪುತ್ತದೆ, ಹಿಂದಿನ ಬೆಂಚು ನಗುತ್ತದೆ. ಆಕೆ ಗದರಿಸುತ್ತಿದ್ದುದು ಊರಿಗೆಲ್ಲ ಗೊತ್ತು. ಆದ್ದರಿಂದ ಹೀಗಿರಲಿ:

ಮುಖ್ಯೋಪಾಧ್ಯಾಯಿನಿಯರು,
ಗದರಿಯು ಮನದಲಿ ಮುನಿಯರು.

ಇದನ್ನು ಹಾಡಲು ದೇವಿಯ ಮುಂದೆ ನಿಂತಂತೆ ಕೈ ಮುಗಿಯಬೇಕಾಗಿಲ್ಲ. ಕಲಿಸುವವರು ಒಂದನ್ನು ಮಾತ್ರ ಗಮನಿಸಬೇಕು. ತಾಳ ‘ಮುಖ್ಯೋ’ ಎಂಬಲ್ಲಿಯೇ ತುಂಡಾಗುವುದರಿಂದ ಮಕ್ಕಳು ಅಲ್ಲಿ ಉಸಿರೆಳೆದುಕೊಳ್ಳುತ್ತಾರೆ. ಮೊದಲ ಸಾಲನ್ನು ಒಂದೇ ಉಸಿರಿನಲ್ಲಿ ಹೇಳಿಸಿರಿ.