ಹೇಗ್‌ಗೆ ಹೋಗಲಿ ಎಂದವರು ನಾವೇ

ಮಾರ್ಚ್ 1 ಮಾರ್ಷಲ್ ದ್ವೀಪಗಳಲ್ಲಿ ಸ್ಮರಣೆಯ ದಿನ. 1954ರಲ್ಲಿ ಅದೇ ದಿನ ಮುಂಜಾನೆ ಅಮೆರಿಕ ಅಲ್ಲಿನ ಬಿಕಿನಿ ಹವಳದ್ವೀಪದಲ್ಲಿ ‘ಬ್ರಾವೊ’ ಎಂಬ ಹೈಡ್ರೋಜನ್ ಬಾಂಬ್ ಸಿಡಿಸಿತು. ಹಿರೋಷಿಮಾವನ್ನು ಸುಟ್ಟ ಬಾಂಬಿಗಿಂತ ಸುಮಾರು ಸಾವಿರ ಪಟ್ಟು ಬಲದ್ದು. ಕೆಲವೇ ಗಂಟೆಗಳಲ್ಲಿ ಪೂರ್ವದ ರೊಂಗೆಲಾಪ್ ದ್ವೀಪದ ಮೇಲೆ ಬಿಳಿ ಬೂದಿ ಉದುರತೊಡಗಿತು. ಅದು ವಿಕಿರಣ ತುಂಬಿದ ಹವಳದ ಪುಡಿ ಎಂದು ಯಾರೂ ಹೇಳಿರಲಿಲ್ಲ. ಮಕ್ಕಳು ಅದರಲ್ಲಿ ಆಡಿದರು. ಜನರನ್ನು ಅಲ್ಲಿಂದ ಸಾಗಿಸಲು ಎರಡು ದಿನ ಹಿಡಿಯಿತು.

ಮಾರ್ಷಲ್ ದ್ವೀಪಗಳ ಜನ ಸುಮ್ಮನೆ ಕೂರಲಿಲ್ಲ. ಅವರ ನೆಲ ಆಗ ವಿಶ್ವಸಂಸ್ಥೆಯ ಪರವಾಗಿ ಅಮೆರಿಕ ನೋಡಿಕೊಳ್ಳುತ್ತಿದ್ದ ಧರ್ಮದರ್ಶಿ ಪ್ರದೇಶ. ಆದ್ದರಿಂದ ಏಪ್ರಿಲ್ 20ರಂದು ಅವರು ನೇರವಾಗಿ ವಿಶ್ವಸಂಸ್ಥೆಗೇ ಮನವಿ ಬರೆದರು: ಸ್ಫೋಟಗಳನ್ನು ನಿಲ್ಲಿಸಿ. ಭೂಮಿ ಎಂದರೆ ತಮಗೆ ಬರೀ ಬೆಳೆ ತೆಗೆಯುವ, ಮನೆ ಕಟ್ಟುವ, ಸತ್ತವರನ್ನು ಹೂಳುವ ಜಾಗವಲ್ಲ, ಅದೇ ತಮ್ಮ ಜೀವ ಎಂದು ಆ ಮನವಿ ವಿವರಿಸಿತ್ತು. ಜಮೀನು ಕಳೆದುಕೊಂಡ ಯಾವ ರೈತನಿಗೂ ಈ ಮಾತನ್ನು ಬಿಡಿಸಿ ಹೇಳಬೇಕಿಲ್ಲ. ಧರ್ಮದರ್ಶಿ ಮಂಡಳಿಗೆ ಮಾತ್ರ ಅದು ತಟ್ಟಲಿಲ್ಲ. ಎಚ್ಚರಿಕೆ ವಹಿಸಿ ಪರೀಕ್ಷೆ ಮುಂದುವರಿಸಬಹುದು ಎಂದಿತು. 1946ರಿಂದ 1958ರವರೆಗೆ ಅಲ್ಲಿ ಸಿಡಿದ ಬಾಂಬುಗಳು ಒಟ್ಟು 67.

ಅಂದು ಆ ದ್ವೀಪಗಳ ಪರ ದನಿ ಎತ್ತಿದ ದೇಶಗಳಲ್ಲಿ ಭಾರತ ಮುಂದಿತ್ತು. ಬ್ರಾವೊ ಸಿಡಿದ ತಿಂಗಳೊಪ್ಪತ್ತಿನಲ್ಲಿ, ಏಪ್ರಿಲ್ 2ರಂದು, ಪರೀಕ್ಷೆಗಳನ್ನು ಇದ್ದಲ್ಲಿಗೇ ನಿಲ್ಲಿಸುವ ಒಪ್ಪಂದವಾಗಬೇಕು ಎಂದು ನೆಹರೂ ಲೋಕಸಭೆಯಲ್ಲಿ ಹೇಳಿದರು. ಕಾಪಾಡಲೆಂದು ಒಪ್ಪಿಸಿದ ನೆಲದಲ್ಲಿ ಬಾಂಬ್ ಸಿಡಿಸುವ ಹಕ್ಕು ಯಾರಿಗಾದರೂ ಉಂಟೇ ಎಂಬುದನ್ನು ಹೇಗ್‌ನ ಅಂತರರಾಷ್ಟ್ರೀಯ ನ್ಯಾಯಾಲಯ ಹೇಳಲಿ ಎಂದು ಧರ್ಮದರ್ಶಿ ಮಂಡಳಿಯಲ್ಲಿ ಕೇಳಿದ್ದೂ ನಾವೇ. ಮಂಡಳಿ ಒಪ್ಪಲಿಲ್ಲ.

ಅರವತ್ತು ವರ್ಷಗಳ ಬಳಿಕ, 2014ರ ಏಪ್ರಿಲ್‌ನಲ್ಲಿ, ಮಾರ್ಷಲ್ ದ್ವೀಪಗಳು ತಾವೇ ಹೇಗ್‌ಗೆ ಹೋದವು. ಒಂಬತ್ತು ಅಣ್ವಸ್ತ್ರ ದೇಶಗಳ ಮೇಲೆ ದೂರು. ಅವುಗಳಲ್ಲಿ ಭಾರತವೂ ಒಂದು. ಮುಂದಾಳಾಗಿ ನಿಂತ ವಿದೇಶಾಂಗ ಸಚಿವ ಟೋನಿ ಡಿಬ್ರಮ್ ಬ್ರಾವೊ ಸಿಡಿದಾಗ ಒಂಬತ್ತು ವರ್ಷದ ಹುಡುಗ, ಆಕಾಶ ಕೆಂಪಾದದ್ದನ್ನು ಕಣ್ಣಾರೆ ಕಂಡವರು. ಅವರು ಹಣ ಕೇಳಲಿಲ್ಲ. ನಿಶ್ಶಸ್ತ್ರೀಕರಣಕ್ಕಾಗಿ ಪ್ರಾಮಾಣಿಕವಾಗಿ ಮಾತುಕತೆಗೆ ಕೂರುವಂತೆ ಆದೇಶಿಸಿ ಎಂದಷ್ಟೇ ಕೇಳಿದರು. ಈ ಪ್ರಕರಣ ವಿಚಾರಿಸಲು ನ್ಯಾಯಾಲಯಕ್ಕೆ ಅಧಿಕಾರವಿಲ್ಲ ಎಂದು ಭಾರತ ವಾದಿಸಿತು. 2016ರ ಅಕ್ಟೋಬರ್ 5ರಂದು 9–7 ಬಹುಮತದಲ್ಲಿ ಗೆದ್ದಿತು. ಆ ಗೆಲುವಿನಲ್ಲಿ ಹೆಮ್ಮೆಪಡುವಂಥದ್ದು ಏನೂ ಇಲ್ಲ.

ಅಣ್ವಸ್ತ್ರವಿರುವ ಎರಡು ನೆರೆದೇಶಗಳ ಮಗ್ಗುಲಲ್ಲಿ ಬದುಕುವ ನಮಗೆ ನಮ್ಮದೇ ಆತಂಕಗಳಿವೆ, ನಿಜ. ಆದರೆ ರೊಂಗೆಲಾಪ್‌ನವರ ನೋವಿಗೆ ದನಿಗೂಡಿಸಲು ಆ ಆತಂಕ ಅಡ್ಡಬರಬೇಕಿಲ್ಲ. ಪರಿಹಾರ ನ್ಯಾಯಮಂಡಳಿ ಮಾರ್ಷಲ್ ದ್ವೀಪದವರಿಗೆಂದು ನಿಗದಿಮಾಡಿದ 200 ಕೋಟಿ ಡಾಲರಿಗೂ ಮಿಕ್ಕ ಮೊತ್ತದ ಬಹುಪಾಲು ಇನ್ನೂ ಕೈಸೇರಿಲ್ಲ. ಅಲ್ಲಿನ ಮತ್ತೊಂದು ಹವಳದ್ವೀಪ ಎನೆವೆಟಕ್‌ನ ರುನಿಟ್ ನಡುಗಡ್ಡೆಯಲ್ಲಿ ವಿಕಿರಣದ ಕಸವನ್ನು ಬಾಂಬು ತೋಡಿದ ಗುಂಡಿಗೇ ತುಂಬಿ ಮೇಲೆ ಕಾಂಕ್ರೀಟ್ ಮುಚ್ಚಿದ್ದಾರೆ; ತಳಕ್ಕೆ ಏನನ್ನೂ ಹಾಸಿಲ್ಲ, ಸುತ್ತಲಿನ ಸಮುದ್ರ ಏರುತ್ತಿದೆ.

1998ರ ಪೋಖ್ರಾನ್ ಪರೀಕ್ಷೆಗಳ ನಂತರ ಇನ್ನು ಪರೀಕ್ಷೆ ಮಾಡುವುದಿಲ್ಲ ಎಂದು ಭಾರತ ತಾನಾಗಿಯೇ ಹೇಳಿ, ಹಾಗೆಯೇ ನಡೆದುಕೊಂಡಿದೆ. ಸಮಗ್ರ ಪರೀಕ್ಷಾ ನಿಷೇಧ ಒಪ್ಪಂದಕ್ಕೆ ಸಹಿ ಮಾತ್ರ ಹಾಕಿಲ್ಲ. ದೆಹಲಿ ಆ ಸಹಿ ಹಾಕಲಿ. ದ್ವೀಪದವರಿಗೆ ಬರಬೇಕಾದ ಪರಿಹಾರಕ್ಕಾಗಿ, ರುನಿಟ್‌ನ ಶುದ್ಧೀಕರಣಕ್ಕಾಗಿ ವಿಶ್ವಸಂಸ್ಥೆಯಲ್ಲಿ 1954ರಂತೆ ಮತ್ತೆ ಎದ್ದು ನಿಂತು ಕೇಳಲಿ.