ಶಿಲ್ಪಿಗಳ ನಾಡಿಗೊಂದು ವಿನ್ಯಾಸ ಶಾಲೆ

2023ರ ಸೆಪ್ಟೆಂಬರಿನಲ್ಲಿ ಬೇಲೂರು, ಹಳೇಬೀಡು ಹಾಗೂ ಸೋಮನಾಥಪುರದ ಹೊಯ್ಸಳ ದೇವಾಲಯಗಳು ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದವು. ಇದರಿಂದ ನಮ್ಮ ಭಾಗದ ವ್ಯಾಪಾರ ವೃದ್ಧಿಸಲೆಂದು ನಾವೆಲ್ಲರೂ ಆಶಿಸುತ್ತೇವೆ. ಆದರೆ ಪ್ರವಾಸಿಗರು ಕೊಂಡೊಯ್ಯುವ ನೆನಪಿನ ಕಾಣಿಕೆಗಳಲ್ಲಿ ಬೇಲೂರು, ಅರಸೀಕೆರೆ ತಾಲ್ಲೂಕುಗಳಲ್ಲಿಯೇ ತಯಾರಾದವು ಎಷ್ಟು ಎಂಬುದನ್ನು ವರ್ತಕರಾದ ನಾವು ಕೇಳಿಕೊಳ್ಳಬೇಕಾಗಿದೆ.

ನಮಗೆ ಕಚ್ಚಾ ಸಾಮಗ್ರಿಯ ಕೊರತೆಯಿಲ್ಲ. ಅರಸೀಕೆರೆ ತೆಂಗಿನ ಸೀಮೆ. ಕೊಬ್ಬರಿ ತೆಗೆದ ಮೇಲೆ ಉಳಿಯುವ ಚಿಪ್ಪು ಒಲೆಗೋ ಇದ್ದಿಲಿಗೋ ಹೋಗುತ್ತದೆ. ಪರಂಪರೆಗೂ ಕೊರತೆಯಿಲ್ಲ. ಬೇಲೂರಿನಲ್ಲಿ ದಾಸೋಜ, ಚಾವಣ ಮುಂತಾದ ಶಿಲ್ಪಿಗಳು ತಮ್ಮ ಕೃತಿಗಳಲ್ಲಿ ಹೆಸರನ್ನೇ ಕೆತ್ತಿದ್ದಾರೆ. ತಯಾರಕನ ಗುರುತು ಎಂಬುದು ಈ ನೆಲಕ್ಕೆ ಹೊಸದೇನಲ್ಲ. ಕೊರತೆಯಿರುವುದು ಕೈಕಸುಬನ್ನು ಮಾರುಕಟ್ಟೆಗೆ ಹೊಂದಿಸುವ ವಿನ್ಯಾಸ ಶಿಕ್ಷಣದಲ್ಲಿ.

ಇಂತಹ ಶಿಕ್ಷಣವನ್ನು ಸರ್ಕಾರವೇ ನೀಡಬೇಕೆಂದು ಕಾಯಬೇಕಾಗಿಲ್ಲ. ಬೆಂಗಳೂರಿನ ಕರ್ನಾಟಕ ಚಿತ್ರಕಲಾ ಪರಿಷತ್ತು 1960ರಲ್ಲಿ ಕಲಾಸಕ್ತರ ಪ್ರಯತ್ನದಿಂದ ಹುಟ್ಟಿತು. ಕಲಾವಿದ ಎಂ.ಎಸ್. ನಂಜುಂಡರಾಯರ ಶ್ರಮದಿಂದ 1964ರಲ್ಲಿ ಅದರ ಚಿತ್ರಕಲಾ ವಿದ್ಯಾಲಯ ಆರಂಭವಾಯಿತು. ಅವರು ತೊಗಲುಗೊಂಬೆಗಳನ್ನು ಸಂಗ್ರಹಿಸಿ ಪರಿಷತ್ತಿನಲ್ಲಿ ಉಳಿಸಿದರು. ಉದ್ಯಮಿ ಎಚ್.ಕೆ. ಕೇಜ್ರಿವಾಲ್ ತಮ್ಮ ಕುಟುಂಬದ ಕಲಾಸಂಗ್ರಹವನ್ನು ಪರಿಷತ್ತಿಗೆ ದಾನವಾಗಿ ನೀಡಿದರು.

ಕುಮಾರಕೃಪಾ ರಸ್ತೆಯ ಅದರ ಆವರಣವನ್ನು ವರ್ತಕರು ಒಮ್ಮೆ ನೋಡಬೇಕು. ಒಂದೆಡೆ ತರಗತಿಗಳು, ಮತ್ತೊಂದೆಡೆ ವಸ್ತುಸಂಗ್ರಹಾಲಯ ಹಾಗೂ ಗ್ಯಾಲರಿಗಳು. ಆಗಾಗ ನಡೆಯುವ ಕರಕುಶಲ ಮೇಳಗಳಲ್ಲಿ ಕುಶಲಕರ್ಮಿಗಳು ನೇರವಾಗಿ ಮಾರುತ್ತಾರೆ. ವರ್ಷಕ್ಕೊಮ್ಮೆ ನಡೆಯುವ ಚಿತ್ರಸಂತೆಗಾಗಿ ರಸ್ತೆಯೇ ಮಾರುಕಟ್ಟೆಯಾಗುತ್ತದೆ. ಕಲಿಕೆ, ಸಂಗ್ರಹ, ಮಾರಾಟ ಈ ಮೂರೂ ಒಂದೇ ಅಂಗಳದಲ್ಲಿರುವುದೇ ಅದರ ವೈಶಿಷ್ಟ್ಯ.

ಬೆಂಗಳೂರಿನ ಗ್ರಾಹಕರು ಇಲ್ಲಿಲ್ಲ, ಕಾಲೇಜು ನಡೆಸುವುದು ವರ್ತಕರ ಕೆಲಸವೂ ಅಲ್ಲ ಎಂಬ ಆಕ್ಷೇಪ ಬರಬಹುದು. ಮೊದಲನೆಯದಕ್ಕೆ, ಹೊಯ್ಸಳರ ಹೆಸರೇ ಗ್ರಾಹಕರನ್ನು ಬಾಗಿಲಿಗೆ ಕರೆತರುತ್ತಿದೆ ಎಂಬುದೇ ಉತ್ತರ. ಎರಡನೆಯದು ನಿಜ, ಜಮೀನು, ಅಧ್ಯಾಪಕರು, ವಿಶ್ವವಿದ್ಯಾಲಯದ ಮಾನ್ಯತೆ ಇವೆಲ್ಲ ಒಂದೇ ದಿನದಲ್ಲಿ ಒದಗುವುದಿಲ್ಲ. ಆದ್ದರಿಂದ ಚಿಕ್ಕದಾಗಿಯೇ ಆರಂಭಿಸೋಣ. ಪ್ರತಿ ವರ್ಷ ಕೆಲವು ವಿನ್ಯಾಸ ವಿದ್ಯಾರ್ಥಿಗಳನ್ನು ಆಹ್ವಾನಿಸಿ, ನಮ್ಮ ಕಾರ್ಯಾಗಾರಗಳಲ್ಲಿ ಸ್ಥಳೀಯ ಕುಶಲಕರ್ಮಿಗಳೊಡನೆ ಕೆಲಸ ಮಾಡಿಸಿ, ತಯಾರಾದ ವಸ್ತುಗಳಿಗೆ ಹಳೇಬೀಡಿನಲ್ಲಿ ಒಂದು ಮಾರಾಟ ಮಳಿಗೆಯನ್ನು ಒದಗಿಸಬಹುದು. ಫಲ ಕಂಡಲ್ಲಿ ಶಾಲೆಯ ಮಾತು ತಾನಾಗಿಯೇ ಮುಂದುವರಿಯುತ್ತದೆ.

ಶತಮಾನಗಳ ಹಿಂದಿನವರ ಕೌಶಲವನ್ನು ತೋರಿಸಿ ಟೀ, ತಿಂಡಿ ಮಾತ್ರ ಮಾರುತ್ತಾ ಕುಳಿತರೆ ನಮ್ಮ ಮಕ್ಕಳಿಗೆ ಉಳಿಯುವುದು ಊರು ಬಿಡುವ ದಾರಿಯೊಂದೇ. ಸಂಸ್ಥೆಯ ಸದಸ್ಯರು ಈ ಬಗ್ಗೆ ಗಂಭೀರವಾಗಿ ಚಿಂತಿಸಬೇಕೆಂದು ವಿನಂತಿ.