ಲಾಟರಿ ಮತ್ತೆ ಬೇಕಂತೆ!

ಹಿಂದೊಮ್ಮೆ ನಿಲ್ಲಿಸಿದ್ದ ಲಾಟರಿಯನ್ನು ಬೊಕ್ಕಸಕ್ಕಾಗಿ ಮತ್ತೆ ಆರಂಭಿಸಲು 2025ರಲ್ಲಿ ಹಿಮಾಚಲ ಪ್ರದೇಶದ ಸಚಿವ ಸಂಪುಟ ಒಪ್ಪಿತು. ಸುದ್ದಿ ಓದಿದ ನಮ್ಮ ಶಾಲೆಯ ಸರ್ ಒಬ್ಬರು, "ನಮ್ಮಲ್ಲೂ ಬರಬೇಕ್ರಿ ಅಕ್ಕೋರ. ಸರ್ಕಾರಕ್ಕ ರೊಕ್ಕ, ಬಡವರಿಗೆ ಒಂದು ಆಸೆ" ಎಂದರು. ಈ ಆಸೆಯ ಮಾತು ಕೇಳಿದರೆ ನನಗೆ ಮೈಯೆಲ್ಲ ಉರಿಯುತ್ತದೆ.

1967ರಲ್ಲಿ ಕೇರಳ ಸರ್ಕಾರ ಲಾಟರಿ ಶುರುಮಾಡಿದಾಗ ಟಿಕೆಟಿಗೆ ಒಂದು ರೂಪಾಯಿ, ಮೊದಲ ಬಹುಮಾನ 50,000. ನಮ್ಮ ರಾಜ್ಯವೂ ಹಿಂದೆ ಬೀಳಲಿಲ್ಲ. ಟಿಕೆಟ್ ಕೊಂಡವರು ಡ್ರಾ ಆಗುವ ದಿನದವರೆಗೆ ಕಾಯಬೇಕಿತ್ತು. ಅಂಗಿಯ ಕಿಸೆಯಲ್ಲೇ ಉಳಿದು, ಒಗೆಯುವಾಗ ಅದು ಹರಿದುಹೋದರೂ ಮನೆಯೇನೂ ಮುಳುಗುತ್ತಿರಲಿಲ್ಲ.

ಮನೆ ಮುಳುಗಿದ್ದು ಆ ಕಾಯುವ ಹೊತ್ತು ಕಡಿಮೆಯಾದಾಗ. 1990ರ ದಶಕದಲ್ಲಿ ಒಂದಂಕಿ ಲಾಟರಿ ಹಬ್ಬಿತು. ಕೊನೆಯ ಒಂದೇ ಅಂಕಿ ಕೂಡಿದರೆ ಗೆದ್ದಂತೆ. ದಿನಕ್ಕೆ ಹಲವು ಡ್ರಾ. ಅದಕ್ಕೂ ಓಸಿ ಆಟಕ್ಕೂ ಇದ್ದ ವ್ಯತ್ಯಾಸ ಸರ್ಕಾರದ ಮುದ್ರೆಯೊಂದೇ. ಮುಂಜಾನೆ ಸೋತವನು ಮಧ್ಯಾಹ್ನ ಅದನ್ನು ತುಂಬಿಕೊಳ್ಳಲು ಹೊರಡುತ್ತಿದ್ದ. ನಮ್ಮ ತುಕ್ಕಾನಟ್ಟಿಯ ಕಡೆ ಕಬ್ಬಿನ ಬಿಲ್ಲು ಮನೆ ಸೇರುವುದೇ ತಡ. ಅದೂ ದಾರಿಯಲ್ಲೇ ಕರಗಿದರೆ ಮುಂದಿನ ಸರದಿ ಹೆಂಡತಿಯ ಬೋರಮಾಳದ್ದು. ಕೊನೆಗೆ 1998ರ ಕೇಂದ್ರ ಕಾಯ್ದೆ ಒಂದಂಕಿಯ ಮೇಲೆ ಬಹುಮಾನ ಕೊಡಕೂಡದೆಂದಿತು.

ಹೊಸ ಶತಮಾನದೊಂದಿಗೆ ಆನ್‌ಲೈನ್ ಲಾಟರಿ ಬಂತು. ಅಂಗಡಿಯಲ್ಲಿ ಮಷಿನು, ಟೀವಿಯಲ್ಲಿ ಡ್ರಾ. 49 ಅಂಕಿಗಳಲ್ಲಿ 6ನ್ನು ನೀವೇ ಆರಿಸಬೇಕು. ಆರೂ ಕೂಡಿದವರು ಯಾರೂ ಇಲ್ಲವೆಂದರೆ ಜಾಕ್‌ಪಾಟ್ ಮೊತ್ತ ಮುಂದಿನ ಡ್ರಾಕ್ಕೆ ಹೋಗಿ ಬೆಳೆಯುತ್ತದೆ. ಬೆಳೆಯುವುದು ಯಾರ ರೊಕ್ಕದಿಂದ? ಸೋತವರದ್ದೇ ಅಲ್ಲವೆ? ಮಗಳು ಹುಟ್ಟಿದ ತಾರೀಖು, ಗಾಡಿಯ ನಂಬರು ಆರಿಸಿದವನಿಗೆ ಅದೃಷ್ಟ ತನ್ನ ಕೈಯಲ್ಲೇ ಇದೆಯೆಂಬ ಭ್ರಮೆ. ನಾನು ಗಣಿತದವಳಲ್ಲ, ಸಮಾಜ ವಿಜ್ಞಾನದವಳು. ಆದರೂ ಕೂತು ಲೆಕ್ಕ ಹಾಕಿದೆ. ಹೀಗೆ ಆರಿಸುವ ಬಗೆಗಳು 1,39,83,816. ವಾರಕ್ಕೆರಡು ಟಿಕೆಟಿನಂತೆ ಎಲ್ಲವನ್ನೂ ಒಂದೊಂದಾಗಿ ಕೊಳ್ಳುತ್ತ ಹೋದರೆ 1,34,000 ವರ್ಷವೂ ಸಾಲದು!

2007ರಲ್ಲಿ ಕುಮಾರಸ್ವಾಮಿಯವರ ಸರ್ಕಾರ ನಮ್ಮ ರಾಜ್ಯದಲ್ಲಿ ಎಲ್ಲ ಲಾಟರಿ ನಿಲ್ಲಿಸಿತು. ಆಸೆ ಮಾತ್ರ ನಿಲ್ಲಲಿಲ್ಲ. 2024ರಲ್ಲಿ ಕೇರಳದ ಓಣಂ ಬಂಪರ್ 25 ಕೋಟಿ ಪಾಂಡವಪುರದ ಮೆಕ್ಯಾನಿಕ್ ಒಬ್ಬರಿಗೆ ಬಂದಾಗ ಪತ್ರಿಕೆಗಳಲ್ಲೆಲ್ಲ ಅವರದೇ ಫೋಟೊ. ಅವರಿಗೆ ಒಳ್ಳೆಯದಾಗಲಿ. ಆದರೆ 500 ರೂಪಾಯಿಯ ಆ ಟಿಕೆಟುಗಳು ಮಾರಾಟವಾದದ್ದು 70 ಲಕ್ಷಕ್ಕೂ ಹೆಚ್ಚು, ಅಂದರೆ 350 ಕೋಟಿಗೂ ಮೇಲೆ. ಸಣ್ಣಪುಟ್ಟ ಬಹುಮಾನಗಳನ್ನು ಬಿಟ್ಟೇ ಹೇಳುತ್ತೇನೆ, ಕೈ ಖಾಲಿ ಮಾಡಿಕೊಂಡವರ ಫೋಟೊ ಹಾಕಲು ಯಾವ ಪತ್ರಿಕೆಯಲ್ಲಿ ಜಾಗವಿದೆ?

ಸರ್ಕಾರಕ್ಕೆ ರೊಕ್ಕ ಬರುವುದು ನಿಜ. 2025ರ ಸೆಪ್ಟೆಂಬರಿನಿಂದ ಲಾಟರಿಯ ಮೇಲೆ ಶೇಕಡಾ 40 ಜಿಎಸ್‌ಟಿ. ಆದರೆ ಆ ತೆರಿಗೆ ಹೊರಡುವುದು ನಮ್ಮ ಹಿಟ್ಟಿನ ಡಬ್ಬಿಯಿಂದ, ಸಂಘಕ್ಕೆ ಕಟ್ಟಬೇಕಾದ ವಾರದ ಕಂತಿನಿಂದ.

"ತಿಂಗಳಿಗೊಂದೇ ಡ್ರಾ ಇಟ್ಟರಾಯಿತು, ನಮ್ಮ ಸರ್ಕಾರದ್ದು ಮಾತ್ರ" ಎನ್ನುವ ಜಾಣರಿದ್ದಾರೆ. ಸುಪ್ರೀಂ ಕೋರ್ಟು 1999ರಲ್ಲೇ ಹೇಳಿದೆ: ಬೇರೆ ರಾಜ್ಯಗಳ ಲಾಟರಿಯನ್ನು ತಡೆಯಬೇಕೆಂದರೆ ಆ ರಾಜ್ಯ ತಾನೂ ಲಾಟರಿ ನಡೆಸಕೂಡದು. ನಾವು ಒಂದನ್ನು ತೆರೆದರೆ ಹೊರಗಿನವನ್ನು ಬೇಡವೆನ್ನುವ ಬಾಯಿಯೇ ನಮಗಿರುವುದಿಲ್ಲ. ಗೋಕಾಕ, ಮೂಡಲಗಿಯ ಬಸ್‌ಸ್ಟ್ಯಾಂಡಿನ ಅಂಗಡಿಗಳಲ್ಲಿ ಊರೂರಿನ ಟಿಕೆಟುಗಳು ಮತ್ತೆ ತೋರಣದಂತೆ ತೂಗಾಡುತ್ತವೆ.